ಅನ್ಬರ್‌ಬೀಬಿಯ ದಾರದ ಗಂಟುಗಳು

ಅನ್ಬರ್‌ಬೀಬಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ದಾರ ಒಂಟೆ ಉಣ್ಣೆಯದು. ಸಮರ್ಕಂದದ ನಮ್ಮ ಕುಂಬಾರಗೇರಿಯಲ್ಲಿ ಅವಳು ಒಂದು ಹೆರಿಗೆ ಮಾಡಿಸಿದರೆ ಆ ದಾರಕ್ಕೆ ಒಂದು ಗಂಟು. ಮಗು ಉಳಿದರೆ ಬರೀ ಗಂಟು. ಉಳಿಯದಿದ್ದರೆ ಗಂಟಿನೊಳಗೆ ಕಪ್ಪು ಮೇಕೆಕೂದಲಿನ ಒಂದು ಎಳೆ. ಉಳಿಯುವುದು ಅಂದರೆ ನಲವತ್ತು ದಿನ ದಾಟುವುದು. ನಲವತ್ತನೆಯ ದಿನ ಮಗುವಿನ ಮೊದಲ ಅಂಗಿಯನ್ನು ಬಿಚ್ಚಿ, ಬೀದಿಯ ನಾಯಿಗೆ ತೊಡಿಸಿ, ಪೀಡೆಯೆಲ್ಲ ನಿನ್ನ ಜೊತೆ ಹೋಗಲಿ ಎಂದು ಓಡಿಸುತ್ತಾರೆ. ನಾಯಿ ಓಡಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಗಂಟು ಹಾಕುತ್ತಿದ್ದದ್ದು. ಒಂದು ದಿನ ಮುಂಚೆ ಕೂಡ ಹಾಕುತ್ತಿರಲಿಲ್ಲ.

ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡಳು, ಸ್ವಂತ ಮಕ್ಕಳಿರಲಿಲ್ಲ. ಸೂಲಗಿತ್ತಿಯ ಕೆಲಸ ತಾಯಿಯಿಂದ ಬಂದದ್ದು, ದಾರವೂ ತಾಯಿಯದೇ. ಸಂತೆಯಲ್ಲಿ ಯಾವ ಹುಡುಗನನ್ನು ತೋರಿಸಿದರೂ, "ಇವನಾ? ಕಾಲು ಮುಂದೆ ಮಾಡಿ ಬಂದವನು, ಈಗಲೂ ಹಾಗೇ ನಡೀತಾನೆ ನೋಡು" ಎನ್ನುತ್ತಿದ್ದಳು.

ಅವಳಿಗಿದ್ದ ಒಡಹುಟ್ಟು ಎಂದರೆ ತಮ್ಮ ಸಂಗೀನ್. ಹೆಸರಿನ ಅರ್ಥ ಕಲ್ಲಿನವನು ಎಂದು. ಅವನಿಗಿಂತ ಮೊದಲು ತಾಯಿಗೆ ಹುಟ್ಟಿದ ಎರಡು ಗಂಡುಮಕ್ಕಳು ಸತ್ತಿದ್ದರಿಂದ, ಕಲ್ಲನ್ನು ಸಾವು ಕಚ್ಚಲಾರದು ಎಂದು ತಾಯಿ ಹಾಗೆ ಕರೆದಳು. ಗೇರಿಯ ಕುಂಬಾರರಲ್ಲಿ ಅವನದೇ ಮೊದಲ ಚಕ್ರ. ಅವನ ಅಜ್ಜನ ಕಾಲದಿಂದ ಒಂದು ಪದ್ಧತಿ ಇತ್ತು: ಗೇರಿಗೆ ಬರುವ ಪ್ರತಿ ಮದುಮಗಳಿಗೂ ಆ ಮನೆಯಿಂದ ಒಂದು ಮೆರುಗಿನ ಜಾಡಿ ಉಡುಗೊರೆ. ಬೇಸಗೆಯ ಮೊದಲಲ್ಲಿ ಕಾಯಿದ್ರಾಕ್ಷಿಯನ್ನು ಹಿಂಡಿ, ಆ ಹುಳಿರಸವನ್ನು ಅದರಲ್ಲಿ ತುಂಬಿ ವರ್ಷವಿಡೀ ಇಟ್ಟುಕೊಳ್ಳುತ್ತಿದ್ದರು. ಬಸುರಿಯರಿಗೆ ಬೆಳಗಿನ ವಾಕರಿಕೆಗೆ ಅದು ಮದ್ದು. "ಎದ್ದ ತಕ್ಷಣ ಒಂದು ಬಟ್ಟಲು. ಮುಖ ಕಿವುಚಬೇಡ, ಕುಡಿ" ಎಂದು ಅನ್ಬರ್‌ಬೀಬಿ ಎಲ್ಲರಿಗೂ ಹೇಳುತ್ತಿದ್ದಳು.

ಜಾಡಿಗಳು ಮೊದಲು ನೀಲಿ ಬಣ್ಣದವು. ಹುಲ್ಲುಗಾವಲಿನ ಉಪ್ಪುಗಿಡಗಳನ್ನು ಶರತ್ಕಾಲದಲ್ಲಿ ಸುಟ್ಟು ತಂದ ಬೂದಿ, ಬೀಸಿದ ಬೆಣಚುಕಲ್ಲು, ಚಿಟಿಕೆ ತಾಮ್ರದ ಪುಡಿ ಸೇರಿದರೆ ಆ ನೀಲಿ. ಸಾವಿರದ ಆರುನೂರ ಹತ್ತೊಂಬತ್ತರಲ್ಲಿ, ನಮ್ಮ ಎಣಿಕೆಯಲ್ಲಿ ಕುರಿಯ ವರ್ಷ, ರಿಗಿಸ್ತಾನ್ ಚೌಕದಲ್ಲಿ ಹಳೆಯ ಮದ್ರಸಾದ ಎದುರಿಗೆ ಹೊಸದನ್ನು ಕಟ್ಟಲು ಶುರುಮಾಡಿದರು. ಗೋಡೆ ತುಂಬ ಬಣ್ಣದ ಹಂಚು, ಲೆಕ್ಕವಿಲ್ಲದಷ್ಟು. ಹುಲ್ಲುಗಾವಲಿನಿಂದ ಬರುವ ಬೂದಿಯ ಮೂಟೆಗಳು ಊರಬಾಗಿಲು ದಾಟುವ ಮೊದಲೇ ಕಟ್ಟಡದ ಹಂಚು ಸುಡುವ ಗೂಡುಗಳಿಗೆ ಹೋಗತೊಡಗಿದವು. ಸಂಗೀನ್ ಎರಡು ವರ್ಷ ಉಳಿದ ಬೂದಿಯಲ್ಲಿ ತಳ್ಳಿದ. ಕೋಳಿಯ ವರ್ಷ ಬೂದಿಯ ಮಡಕೆ ಖಾಲಿಯಾಯಿತು. ಆಗ ಸೀಸವನ್ನು ಬಾಣಲೆಯಲ್ಲಿ ಕರಗಿಸಿ, ಅದು ಹಳದಿ ಪುಡಿಯಾಗುವವರೆಗೆ ಕಲಕಿ, ಬೂದಿಯ ಬದಲು ಅದನ್ನು ಹಾಕಿದ. ಜಾಡಿ ಹಸಿರಾಗಿ ಬಂತು.

ಅನ್ಬರ್‌ಬೀಬಿ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇದೇನೋ, ಪಾರಿವಾಳದ ಕತ್ತಿನ ಹಾಗೆ ಹೊಳೀತಿದೆ!"

"ಸೀಸ ಹಾಕಿದ್ರೆ ಹಸಿರೇ ಬರೋದು ಅಕ್ಕ. ಸೌದೆನೂ ಅರ್ಧ ಸಾಕು. ನಮ್ಮಪ್ಪ ಸುಮ್ಮನೆ ಆ ಬೂದಿಗೆ ಸಾಯ್ತಿದ್ದ."

"ಮದುಮಗಳು ಗಂಡನ್ನ ಬಿಟ್ಟು ಜಾಡಿ ನೋಡ್ತಾ ಕೂತಾಳು."

"ನಮ್ಮ ಗೇರಿ ಗಂಡಸರ ಮುಖಕ್ಕಿಂತ ಜಾಡಿನೇ ವಾಸಿ ಬಿಡು."

ಆ ವರ್ಷ ಗೇರಿಗೆ ಆರು ಮಂದಿ ಸೊಸೆಯರು ಬಂದರು. ಆರು ಹಸಿರು ಜಾಡಿ. ಆಗಲೇ ಮದುವೆಯಾಗಿದ್ದವರಲ್ಲೂ ಕೆಲವರು ಆಸೆಪಟ್ಟು ಕೇಳಿ ಪಡೆದರು. ಎಲ್ಲಕ್ಕಿಂತ ದೊಡ್ಡದನ್ನು ಸಂಗೀನ್ ತನ್ನ ಒಬ್ಬಳೇ ಮಗಳು ನಿಗೋರ್‌ಗೆ ಮಾಡಿದ. ಮೂರು ಬೀದಿ ಆಚೆಯ ಯೋದ್ಗೋರ್ ಎಂಬ ಜೀನುಗಾರನಿಗೆ ಅವಳನ್ನು ಕೊಟ್ಟಿದ್ದ. ಜಾಡಿಯ ಹೊಟ್ಟೆಯ ಮೇಲೆ ದಾಳಿಂಬೆ ಹೂ ಕೆತ್ತಿ, ಮೂರು ಸಲ ಮೆರುಗು ಹಚ್ಚಿದ್ದ.

ನಾಯಿಯ ವರ್ಷ ನಿಗೋರ್‌ಗೆ ಐದು ತಿಂಗಳಿಗೆ ಗರ್ಭ ಜಾರಿತು. ಹಂದಿಯ ವರ್ಷ ಹುಟ್ಟಿದ್ದು ಅಳಲೇ ಇಲ್ಲ. ಅವಳೊಬ್ಬಳಿಗೇ ಅಲ್ಲ. ಅನ್ಬರ್‌ಬೀಬಿಯ ದಾರದಲ್ಲಿ ಕಪ್ಪು ಕೂದಲು ಒತ್ತೊತ್ತಾಗಿ ಬರತೊಡಗಿತು. ಹೆಂಗಸರು ಬಾಣಂತಿಯ ದಿಂಬಿನಡಿ ಚೂರಿ ಇಟ್ಟರು, ಬಾಗಿಲಿಗೆ ಈರುಳ್ಳಿ ಕಟ್ಟಿದರು. ಹಳದಿ ಕೂದಲಿನ ಪೀಡೆ ಅಲ್‌ಬಸ್ತಿ ಗೇರಿಯೊಳಗೆ ಹೊಕ್ಕಿದೆ ಎಂದು ಮಾತಾಯಿತು. ಅವಳು ಯಾವ ಬಾವಿಯಲ್ಲಿ ಕೂತಿದ್ದಾಳೆ ಎಂದು ತಿಳಿಯದೆ ಎರಡು ಬಾವಿಗಳನ್ನು ಮುಚ್ಚಿದರು.

ಇಲಿಯ ವರ್ಷದ ಬೇಸಗೆಯ ಕೊನೆಗೆ ನಿಗೋರ್ ಮೂರನೆಯ ಸಲ ಬಸುರಿಯಾದಳು. ಚಳಿಗಾಲದಲ್ಲಿ, ನಾಲ್ಕು ತಿಂಗಳಾದಾಗ, ಅಪ್ಪನ ಅಕ್ಕ ಅನ್ಬರ್‌ಬೀಬಿಯನ್ನು ನೋಡಲು ಬಂದು, ಹೊಸ್ತಿಲ ಮೇಲೆಯೇ ಕೂತಳು.

"ಅತ್ತೆ, ನಮ್ಮತ್ತೆ ಹುರ್ಮತ್‌ಬೀಬಿ ಹೆಣ್ಣು ನೋಡೋಕೆ ಹೋಗಿದ್ರಂತೆ."

"ಯಾರಿಗೆ?"

"ಇನ್ಯಾರಿಗೆ? ಅವರಿಗೆ. ಇದೊಂದು ನಿಲ್ಲದಿದ್ರೆ ಎರಡನೆಯವಳನ್ನ ತರ್ತಾರಂತೆ. ನನ್ನ ಎದುರಿಗೇ ಅಂದ್ರು. ಕೆಟ್ಟ ಮನಸ್ಸಿಂದ ಅನ್ನಲಿಲ್ಲ, ಸಾರಿಗೆ ಉಪ್ಪು ಸಾಲದು ಅಂದ ಹಾಗೆ ಅಂದ್ರು."

ಅನ್ಬರ್‌ಬೀಬಿ ಅವಳ ಹೊಟ್ಟೆ ಮುಟ್ಟಿ ನೋಡಿದಳು. ಮಗು ಇತ್ತು, ಚಿಕ್ಕದು. "ಊಟ ಮಾಡ್ತೀಯಾ?"

"ಸೇರಲ್ಲ. ಹೊಟ್ಟೆ ಹಿಂಡುತ್ತೆ. ನೀವು ಹೇಳಿದ ರಸ ಮಾತ್ರ ತಪ್ಪಿಸಿಲ್ಲ."

ಮಾರನೆಯ ವಾರ ಹವಸ್ ಎಂಬವಳ ಮೂರನೆಯ ಹೆರಿಗೆ ಬಂತು. ಹವಸ್ ಹೊರೆಯಾಳಿನ ಹೆಂಡತಿ. ಮದುವೆಯ ದಿನ ಹೊಸ್ತಿಲಲ್ಲಿ ಅವಳ ಕೈಯಿಂದ ಹಸಿರು ಜಾಡಿ ಜಾರಿ ಒಡೆದು, ಇಡೀ ಗೇರಿ ಅವಳನ್ನು ಅಪಶಕುನದವಳು ಎಂದಿತ್ತು. ಹೆರಿಗೆ ಸಲೀಸಾಗಿ ಆಯಿತು. ಕಿರುಚುತ್ತಿದ್ದ ಕೂಸನ್ನು ಸುತ್ತುವಾಗ ಅನ್ಬರ್‌ಬೀಬಿ ನಕ್ಕಳು.

"ಅಲ್ಲ ಕಣೇ, ಅಪಶಕುನದವಳೇ, ನಿನಗೆ ಮೂರಕ್ಕೆ ಮೂರೂ ಉಳಿದವಲ್ಲೇ!"

"ಜಾಡಿ ಒಡೆದವಳಿಗೆ ದೇವರು ಹೊಟ್ಟೆನಾದ್ರೂ ಗಟ್ಟಿ ಕೊಡಬೇಡವೇನಮ್ಮ?" ಎಂದಳು ಹವಸ್.

ಅದು ನಗೆಮಾತು. ಆದರೆ ದಾರಿಯಲ್ಲಿ ನಡೆಯುತ್ತ ಅನ್ಬರ್‌ಬೀಬಿಯ ನಗು ನಿಂತಿತು. ಹವಸ್‌ಗೆ ನೋವು ಬಂದಾಗ ಕಚ್ಚಿಕೊಳ್ಳಲು ಬಟ್ಟೆ ಸುತ್ತಿದ ಕಡ್ಡಿ ಕೊಟ್ಟಿದ್ದಳು, ಬಾಯಿ ತೆರೆದಾಗ ಒಸಡು ನಸುಗೆಂಪಾಗಿ ಕಂಡಿತ್ತು. ಅದು ಕಣ್ಣಿಗೆ ಹೊಸದೆನಿಸಿತು. ಯಾಕೆ ಹೊಸದು? ಈಚೆಗೆ ಕಡ್ಡಿ ಕಚ್ಚಿದ ಎಷ್ಟೋ ಹೆಂಗಸರ ಒಸಡಿನ ಅಂಚಿಗೆ ಕಾಡಿಗೆ ಎಳೆದಂಥ ನೀಲಿಗಪ್ಪು ಗೆರೆ ಇತ್ತು. ನಿಗೋರ್‌ಗೂ ಇತ್ತು.

ಮಧ್ಯಾಹ್ನ ಅಂಗಳದ ಹಿಪ್ಪುನೇರಳೆ ಮರದಡಿ ಕೂತು ದಾರ ಬಿಚ್ಚಿದಳು. ಕೋಳಿಯ ವರ್ಷದಿಂದ ಈಚೆಗೆ ಮೂವತ್ತೈದು ಗಂಟು. ಎರಡು ಹೊಸ ದಾರ ತೆಗೆದುಕೊಂಡಳು. ಒಂದೊಂದೇ ಗಂಟಿನ ಹೆಸರು ಹೇಳುತ್ತ, ಆ ಮನೆಯಲ್ಲಿ ಹಸಿರು ಜಾಡಿ ಇದ್ದರೆ ಬಲಗಡೆಯ ದಾರಕ್ಕೆ, ಇಲ್ಲದಿದ್ದರೆ ಎಡಗಡೆಯದಕ್ಕೆ ಮತ್ತೆ ಗಂಟು ಹಾಕಿದಳು. ಹಳೆಯ ನೀಲಿ ಜಾಡಿಯವರು, ಸೋರೆಬುರುಡೆಯ ಬಡವರು ಎಲ್ಲ ಎಡಕ್ಕೆ. ಎಡಗಡೆ ಹದಿನೈದು ಗಂಟು, ಅದರಲ್ಲಿ ಎರಡು ಕಪ್ಪು. ಬಲಗಡೆ ಹತ್ತೊಂಬತ್ತು. ಹದಿಮೂರು ಕಪ್ಪು.

ಒಂದು ಗಂಟು ಎಲ್ಲಿ ಹಾಕಬೇಕೆಂದು ತಿಳಿಯದೆ ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದಳು. ನೇಕಾರನ ಹೆಂಡತಿಯೊಬ್ಬಳಿಗೆ ಎರಡು ಮಕ್ಕಳು ಗಟ್ಟಿಯಾಗಿ ಹುಟ್ಟಿ, ಮೂರನೆಯದು ಸತ್ತು ಹುಟ್ಟಿತ್ತು. ಎದ್ದು ಅವಳ ಮನೆಗೆ ಹೋಗಿ ಕೇಳಿದಳು. "ಜಾಡಿನಾ? ನಮಗೆಲ್ಲಿಂದ ಬರಬೇಕು. ನಾದಿನಿ ಊರು ಬಿಡುವಾಗ ಅವಳದನ್ನ ಕೊಟ್ಟು ಹೋದ್ಲು. ಎರಡನೆಯದು ಹುಟ್ಟಿದ ಮೇಲೆ." ಅನ್ಬರ್‌ಬೀಬಿ ವಾಪಸು ಬಂದು ಕೊನೆಯ ಗಂಟನ್ನು ಬಲಗಡೆಗೆ ಹಾಕಿದಳು. ಇಪ್ಪತ್ತಕ್ಕೆ ಹದಿನಾಲ್ಕು ಆಯಿತು.

ಎರಡೂ ದಾರ ಹಿಡಿದು ತಮ್ಮನ ಗೂಡಿನ ಬಳಿ ಹೋದಳು. ಸಂಗೀನ್ ಚಕ್ರದ ಮುಂದೆ ಕೂತಿದ್ದ. ಅವನ ಬಲಗೈ ಮಣಿಕಟ್ಟು ಒಂದು ವರ್ಷದಿಂದ ಜೋತುಬಿದ್ದಿತ್ತು. ಎಡಗೈಯಿಂದ ಅದನ್ನೆತ್ತಿ ಮಣ್ಣಿನ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ.

"ಬಾಯಿ ತೆಗಿ" ಎಂದಳು.

"ನಾನೇನು ಸಂತೆ ಕುದುರೇನಾ?"

"ತೆಗಿಯೋ."

ತೆರೆದ. ಗೆರೆ ಇತ್ತು, ಎಲ್ಲರಿಗಿಂತ ದಪ್ಪಗೆ. ತಾಮ್ರದ ತಟ್ಟೆ ತಂದು ಅವನ ಮುಖಕ್ಕೆ ಹಿಡಿದಳು. "ನೋಡ್ಕೋ. ಇದೇ ಗೆರೆ ನಿನ್ನ ಮಗಳ ಬಾಯಲ್ಲಿದೆ. ಸೀಸ ಕಲಕೋನು ನೀನು. ಅವಳ್ಯಾಕೆ ಗೆರೆ ಹೊತ್ತಿದಾಳೆ?" ಆಮೇಲೆ ದಾರಗಳನ್ನು ಅವನ ತೊಡೆಯ ಮೇಲೆ ಹಾಕಿ ಎಲ್ಲ ಹೇಳಿದಳು.

ಸಂಗೀನ್ ಬಲಗಡೆಯ ದಾರವನ್ನು ಬೆರಳಿನಿಂದ ಸವರುತ್ತ ಹೋದ. ಕುಂಬಾರನ ಬೆರಳು, ಪ್ರತಿ ಕೂದಲೂ ಸಿಕ್ಕಿತು.

"ಬಾವಿ ಅಂದ್ರು, ಪೀಡೆ ಅಂದ್ರು. ಈಗ ನನ್ನ ಜಾಡಿ ಅಂತೀಯಾ."

"ನಾನು ಅನ್ನೋದಲ್ಲ. ಗಂಟು ಅಂತಿವೆ."

"ಒಂದೊಂದನ್ನೂ ನನ್ನ ಕೈಯಾರೆ ಕೊಟ್ಟಿದ್ದೀನಿ ಅಕ್ಕ. ಮದುಮಗಳ ತಲೆ ಮೇಲೆ ಕೈ ಇಟ್ಟು, ಹೊಟ್ಟೆ ತುಂಬಲಿ ಅಂದಿದ್ದೀನಿ. ನೀನು ಹೇಳೋದು ನಿಜ ಆದ್ರೆ ನಾನು ಯಾರಾದೆ?"

"ಕೊಟ್ಟೋನು ನೀನು. ಕುಡೀರಿ ಅಂದೋಳು ನಾನು. ಇಬ್ರೂ ಒಂದೇ ಆದ್ವಿ. ಈಗ ಅಳೋಕೆ ಹೊತ್ತಿಲ್ಲ, ನಿಗೋರ್ ಹೊಟ್ಟೇಲಿ ಮಗು ಇನ್ನೂ ಇದೆ."

ಅವನು ಬಲಗೈಯನ್ನು ಮಣ್ಣಿನ ಮೇಲಿಂದ ತೆಗೆದ. ಚಕ್ರ ತಿರುಗಿಸಲಿಲ್ಲ.

ಅನ್ಬರ್‌ಬೀಬಿ ದಾರಗಳನ್ನು ಸೊಂಟಕ್ಕೆ ಸುತ್ತಿಕೊಂಡು ಅಲ್ಲಿಂದ ನೇರ ನಿಗೋರ್‌ಳ ಗಂಡನ ಮನೆಗೆ ಹೋದಳು. ಹುರ್ಮತ್‌ಬೀಬಿ ಕೆಟ್ಟವಳಲ್ಲ, ಆದರೆ ರೊಟ್ಟಿಯ ಚೂರು ನೆಲಕ್ಕೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವವಳು.

"ನಿಮ್ಮ ತಮ್ಮ ಮಾಡಿದ ಜಾಡಿಗೆ ನೀವೇ ದೋಷ ಹೇಳ್ತೀರಾ ಬೀಬಿ? ಒಳ್ಳೇ ಮನೆತನ."

"ಹೌದು, ನಾನೇ ಹೇಳ್ತೀನಿ. ಇನ್ಮೇಲೆ ಅವಳಿಗೆ ಆ ಜಾಡಿ ಬಳಸಬೇಡಿ. ಬೇರೆ ಪಾತ್ರೆ ಇಲ್ವಾ ಮನೇಲಿ?"

"ಸೋರೆಬುರುಡೆ ಇದೆ."

"ಅದೇ ಸಾಕು. ಮೊಮ್ಮಗ ಬೇಕಾದ್ರೆ ಬುರುಡೆ ಬಳಸಿ."

ಹುರ್ಮತ್‌ಬೀಬಿ ಗೊಣಗಿದರೂ ಒಪ್ಪಿದಳು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಜಾಡಿ ಆ ದಿನವೇ ಮಾಳಿಗೆಗೆ ಹೋಯಿತು. ಐದು ತಿಂಗಳು ಅನ್ಬರ್‌ಬೀಬಿ ವಾರಕ್ಕೊಮ್ಮೆ ಹೋಗಿ ಹೊಟ್ಟೆ ಮುಟ್ಟಿ ಬಂದಳು. ಆರು ದಾಟಿತು, ಏಳು ದಾಟಿತು. ಎಂಟರಲ್ಲಿ ಮಗು ಜೋರಾಗಿ ಒದೆಯಿತು. ನಿಗೋರ್ ಅನ್ಬರ್‌ಬೀಬಿಯ ಕೈ ಹಿಡಿದು ಆ ಜಾಗದ ಮೇಲೆ ಇಟ್ಟುಕೊಂಡು, "ಜೀನುಗಾರನ ಮಗ, ಈಗಲೇ ಕುದುರೆ ಓಡಿಸ್ತಾನೆ" ಎಂದಳು. ಮದುವೆಯ ನಂತರ ಅವಳು ತಮಾಷೆ ಮಾಡಿದ್ದು ಅದೇ ಮೊದಲು. ಹುರ್ಮತ್‌ಬೀಬಿ ಅಂಗಿ ಹೊಲಿದಳು, ಅಂಚು ಮಡಿಸದೆ, ಚಿಕ್ಕ ಅಂಗಿ.

ಮಗು ಗಂಡು. ಹುಟ್ಟಿದಾಗ ಉಸಿರಿತ್ತು. ಅಳು ಬೆಕ್ಕಿನ ಮರಿಯಷ್ಟು. ಎರಡನೆಯ ದಿನ ಕೈಕಾಲು ಸೆಟೆದುಕೊಂಡವು. ಮೂರನೆಯ ದಿನ ಮಧ್ಯಾಹ್ನದ ಅಜಾನ್ ಮುಗಿಯುವ ಮೊದಲು ಹೋಯಿತು. ಅಂಗಿಯನ್ನು ಹುರ್ಮತ್‌ಬೀಬಿ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ನಾಯಿಗೆ ತೊಡಿಸುವ ಮಾತೇ ಬರಲಿಲ್ಲ.

"ಜಾಡಿ ತೆಗೆದಿದ್ದೆ" ಎಂದಳು, ದನಿ ಏರಿಸದೆ. "ಐದು ತಿಂಗಳು ಮುಟ್ಟಿಲ್ಲ. ಇನ್ನೇನು ಹೇಳ್ತೀರಿ ಬೀಬಿ?"

 ಅಷ್ಟು ಹೊತ್ತಿಗೆ ಗಂಟಿನ ಮಾತು ಗೇರಿಯಲ್ಲಿ ಹರಡಿತ್ತು. ಕೆಲವು ಮನೆಯವರು ಜಾಡಿಯನ್ನು ಹೊರಗಿಟ್ಟಿದ್ದರು. ಈಗ ಒಬ್ಬೊಬ್ಬರೇ ಒಳಗೆ ತಂದರು. ಬಾವಿಯ ಬಳಿ ಯಾರೋ ಅಂದರು, "ಮುದುಕಿ ಕೈ ನಡುಗೋಕೆ ಶುರುವಾಗಿದೆ, ತಪ್ಪು ಜಾಡಿ ಮೇಲೆ ಹಾಕ್ತಿದ್ದಾಳೆ." ನಗು ಕೇಳಿಸಿತು.

ಏಳನೆಯ ದಿನ ಅನ್ಬರ್‌ಬೀಬಿ ಬಾಣಂತಿಗೆ ನೀರು ಹಾಕಲು ಹೋದಾಗ ನಿಗೋರ್ ವಾಕರಿಸಿದಳು. ಹುರ್ಮತ್‌ಬೀಬಿ ಗೋಡೆಯ ಗೂಡಿನಿಂದ ಸೋರೆಬುರುಡೆ ತೆಗೆದು ಬಟ್ಟಲಿಗೆ ಬಗ್ಗಿಸಿದಳು. ಕೊನೆಯ ರಸ, ತಳದ ಗಸಿಯೊಂದಿಗೆ.

"ಇದು ಎಲ್ಲಿಯ ರಸ?" ಎಂದಳು ಅನ್ಬರ್‌ಬೀಬಿ.

"ಎಲ್ಲಿಯದು ಅಂದ್ರೆ? ಜಾಡಿಯದೇ. ನೀವೇ ಅಲ್ವಾ ಬುರುಡೆಗೆ ಹಾಕಿ ಅಂದಿದ್ದು. ಚೆಲ್ಲೋಕಾಗುತ್ತಾ, ವರ್ಷದ ರಸ."

ಅನ್ಬರ್‌ಬೀಬಿ ಬಟ್ಟಲನ್ನು ಕೈಗೆ ತೆಗೆದುಕೊಂಡಳು. ನಾಲಿಗೆಯ ತುದಿಗೆ ಮುಟ್ಟಿಸಿದಳು. ಕಾಯಿದ್ರಾಕ್ಷಿಯ ಹುಳಿ ನಾಲಿಗೆಯನ್ನು ಹಿಂಡಬೇಕು. ಇದು ಹಿಂಡಲಿಲ್ಲ. ಹುಳಿಯ ಹಿಂದೆ ಒಂದು ಸಿಹಿ ಇತ್ತು, ಯಾವ ಹಣ್ಣಿನದೂ ಅಲ್ಲದ ಸಿಹಿ. ಐದು ತಿಂಗಳು ಜಾಡಿ ಮಾಳಿಗೆಯಲ್ಲೇ ಇತ್ತು. ಜಾಡಿಯಲ್ಲಿದ್ದದ್ದು ಮೊದಲೇ ರಸಕ್ಕೆ ಇಳಿದಿತ್ತು. ಪಾತ್ರೆ ಬದಲಿಸಿ ಎಂದಿದ್ದಳೇ ಹೊರತು ರಸ ಚೆಲ್ಲಿ ಎಂದಿರಲಿಲ್ಲ. ಅವಳಿಗೆ ಆಗ ಅದು ಗೊತ್ತಿರಲಿಲ್ಲ.

ಅವಳು ಯಾರ ಮೇಲೂ ಕೂಗಾಡಲಿಲ್ಲ. ಬಟ್ಟಲನ್ನು ಅಂಗಳದ ಮಣ್ಣಿಗೆ ಸುರಿದು, ನಿಗೋರ್‌ಳ ಪಕ್ಕ ಕೂತು, ತನಗೆ ತಿಳಿದದ್ದನ್ನೆಲ್ಲ ಮೊದಲಿಂದ ಕಡೆಯವರೆಗೆ ಹೇಳಿದಳು. ತನ್ನ ತಪ್ಪನ್ನೂ ಸೇರಿಸಿ. ನಿಗೋರ್ ಗೋಡೆ ನೋಡುತ್ತಿದ್ದಳು.

"ಅಂದ್ರೆ ಚೆಲ್ಲಿದ್ರೆ ಬದುಕ್ತಿತ್ತಾ?"

"ಗೊತ್ತಿಲ್ಲ ಮಗಳೇ. ನಿನ್ನ ಮೈಯಲ್ಲಿ ಮೊದಲೇ ಎಷ್ಟು ಸೇರಿತ್ತೋ. ಆದ್ರೂ ಚೆಲ್ಲಬೇಕಿತ್ತು."

ಸಂಗೀನ್ ಮೊಮ್ಮಗನ ಮಣ್ಣಿಗೆ ಬಂದವನು, ವಾಪಸು ಹೋಗುವಾಗ ಮಗಳ ಜಾಡಿಯನ್ನು ಕಂಕುಳಲ್ಲಿ ಹೊತ್ತೊಯ್ದಿದ್ದ. ಗೂಡಿನ ಮುಂದೆ ಅದನ್ನೂ, ಮಾರದೆ ಉಳಿದ ಹಸಿರನ್ನೂ ಒಡೆದ. ಕೈಯಲ್ಲಿ ಸುತ್ತಿಗೆ ನಿಲ್ಲದ್ದರಿಂದ ಕಾಲಿನಿಂದ ತಳ್ಳಿ ಒಡೆದ. ಆಮೇಲೆ ಮನೆಮನೆಗೆ ಹೋಗಿ ತನ್ನ ಜಾಡಿ ವಾಪಸು ಕೇಳಿದ. ನಾಲ್ಕು ಮಂದಿ ಕೊಟ್ಟರು. ಉಳಿದವರು, ಕೊಟ್ಟ ಉಡುಗೊರೆಯನ್ನು ವಾಪಸು ಕೇಳುವ ಕುಂಬಾರನನ್ನು ಕಂಡೇ ಇಲ್ಲ ಎಂದರು. ಬೇಸಗೆಯ ಹೊತ್ತಿಗೆ ಅವನ ಎರಡೂ ಮಣಿಕಟ್ಟು ಬಿದ್ದುಹೋದವು. ಅಷ್ಟರಲ್ಲಿ ಊರಬಾಗಿಲಾಚೆಯ ಕುಂಬಾರರು ಹಸಿರು ಕಲಿತಿದ್ದರು. ಸಂತೆಯಲ್ಲಿ ಅವಕ್ಕೆ ಸಂಗೀನ್ ಜಾಡಿ ಎಂದೇ ಹೆಸರು.

ಶರತ್ಕಾಲದಲ್ಲಿ ಹುರ್ಮತ್‌ಬೀಬಿ ಮಗನಿಗೆ ಎರಡನೆಯವಳನ್ನು ತಂದಳು. ಹುಡುಗಿ ಗುಲ್ಚೆಹ್ರಾ, ಹದಿನೇಳರವಳು, ಹಳ್ಳಿಯಿಂದ ಬಂದವಳು. ಪದ್ಧತಿಯಂತೆ ಮೊದಲ ಹೆಂಡತಿ ಹೊಸ್ತಿಲಲ್ಲಿ ನಿಂತು ಹೊಸಬಳ ಹಣೆಗೆ ಹಿಟ್ಟು ಹಚ್ಚಿ, ಅವಳ ತವರಿನ ಸಾಮಾನನ್ನು ಒಂದೊಂದಾಗಿ ಇಸಿದುಕೊಳ್ಳಬೇಕು. ನಿಗೋರ್ ನಿಂತಳು. ಹಿಟ್ಟು ಹಚ್ಚಿದಳು. ಹೊದಿಕೆ ಇಸಿದುಕೊಂಡಳು, ಕನ್ನಡಿ ಇಸಿದುಕೊಂಡಳು. ಮೂರನೆಯದು ಜಾಡಿ. ಹಸಿರು, ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ರಸ ತುಂಬಿತ್ತು.

"ನಮ್ಮಮ್ಮನೇ ಹಿಂಡಿದ್ದು ಅಕ್ಕ" ಎಂದಳು ಹುಡುಗಿ, ಹೆದರುತ್ತ.

ಈ ಮನೆಯಲ್ಲಿ ತಾನು ಉಳಿಯಬೇಕಾದರೆ ಮಾಡಬೇಕಾದದ್ದು ಏನೆಂದು ನಿಗೋರ್‌ಗೆ ಗೊತ್ತಿತ್ತು. ಇಸಿದುಕೊಂಡು ಒಳಗಿಡಬೇಕು, ಅಷ್ಟೇ. ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ರಸವನ್ನು ಬುರುಡೆಗೆ ಬಗ್ಗಿಸಿಯಾರು. ಎರಡೂ ಕೈಯಲ್ಲಿ ಜಾಡಿ ಹಿಡಿದು, ಎದೆಯ ಮಟ್ಟಕ್ಕೆ ಎತ್ತಿ, ಕಲ್ಲಿನ ಮೇಲೆ ಬಿಟ್ಟಳು.

ಜಾರಿತು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ರಸ ಹೊಸ್ತಿಲಿಳಿದು ಬೀದಿಯ ಧೂಳಿಗೆ ಹೋಗುವುದನ್ನು ಕೊನೆಯವರೆಗೆ ನೋಡಿದಳು.

"ಹೊಟ್ಟೆಕಿಚ್ಚಿನ ಮುಂಡೆ!" ಹುರ್ಮತ್‌ಬೀಬಿಯ ಕೈ ಕೆನ್ನೆಗೆ ಬಿತ್ತು. "ನಿನ್ನ ಹೊಟ್ಟೇಲಿ ಉಳೀಲಿಲ್ಲ ಅಂತ ಇವಳದಕ್ಕೂ ಕಲ್ಲು ಹಾಕ್ತೀಯಾ?"

ಯೋದ್ಗೋರ್ ನೆಲ ನೋಡುತ್ತ ಮೂರು ಸಲ ತಲಾಕ್ ಅಂದ. ನಿಗೋರ್ ತಾನು ತಂದಿದ್ದ ಹೊದಿಕೆ ಹೊತ್ತು ಅಪ್ಪನ ಮನೆಗೆ ಬಂದಳು. ಅನ್ಬರ್‌ಬೀಬಿಯದೂ ಅದೇ ಅಂಗಳ. ಅಪ್ಪನಿಗೆ ಅಷ್ಟು ಹೊತ್ತಿಗೆ ಊಟವನ್ನೂ ತಿನ್ನಿಸಬೇಕಿತ್ತು. ಅವಳು ತಿನ್ನಿಸಿದಳು.  ನಿಗೋರ್‌ಳಂಥ ಅಪಶಕುನದವಳನ್ನು ಅಂಗಳಕ್ಕೆ ಸೇರಿಸಿಕೊಂಡಳೆಂದು ಅನ್ಬರ್‌ಬೀಬಿಯನ್ನೂ ಜನ ಹೆರಿಗೆಗೆ ಕರೆಯುವುದನ್ನು ಬಿಟ್ಟರು. ಹವಸ್ ಮಾತ್ರ ಆಗಾಗ ಬಿಸಿ ರೊಟ್ಟಿ ಸೆರಗಿನಲ್ಲಿ ಸುತ್ತಿ ತಂದು, "ಮೂರು ಜನ ಅಪಶಕುನದೋರು ಒಟ್ಟಿಗೆ ಕೂತ್ರೆ ಲೆಕ್ಕ ಸರಿ ಆಗುತ್ತೆ" ಎನ್ನುತ್ತಿದ್ದಳು.

ಹುರ್ಮತ್‌ಬೀಬಿ ಶಕುನಕ್ಕೆ ಹೆದರಿ ಮತ್ತೆ ಮೆರುಗಿನ ಜಾಡಿಯನ್ನು ಮನೆಗೆ ತರಲಿಲ್ಲ. ಹುಲಿಯ ವರ್ಷದ ಬೇಸಗೆಯಲ್ಲಿ ಗುಲ್ಚೆಹ್ರಾ ಹೆತ್ತಳೆಂದು ಕೇಳಿಬಂತು. ಅನ್ಬರ್‌ಬೀಬಿ ಯಾರನ್ನೂ ವಿಚಾರಿಸಲಿಲ್ಲ. ದಿನ ಎಣಿಸಿದಳು. ನಲವತ್ತನೆಯ ದಿನ ಬೆಳಿಗ್ಗೆ ಅವಳೂ ನಿಗೋರ್‌ಳೂ ಬಾಗಿಲಲ್ಲಿ ಕೂತು ಸಂಗೀನ್‌ನ ಊಟಕ್ಕೆ ಕಾಳು ಬಿಡಿಸುತ್ತಿದ್ದರು. ಬೀದಿಯ ಮೇಲಿನ ತುದಿಯಿಂದ ಹೆಂಗಸರ ಕೂಗು ಕೇಳಿತು. ಒಂದು ಬಡಕಲು ಕಂದು ನಾಯಿ ಓಡಿಬಂತು. ಅದರ ಕತ್ತಿನಲ್ಲಿ ಅಂಚು ಮಡಿಸದ ಚಿಕ್ಕ ಅಂಗಿ. ಹುರ್ಮತ್‌ಬೀಬಿ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಅಂಗಿಯೇ ಅದು. ನಿಗೋರ್ ಹೊಲಿಗೆ ಗುರುತು ಹಿಡಿದಳು. ನಾಯಿ ಅವರ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಮೈಕೊಡವಿ, ಕಾಲುವೆಯ ಕಡೆ ಓಡಿತು.

ಅನ್ಬರ್‌ಬೀಬಿ ಸೊಂಟದಿಂದ ಎಡಗಡೆಯ ದಾರವನ್ನು, ಹಸಿರು ಜಾಡಿ ಇಲ್ಲದ ಮನೆಗಳದನ್ನು, ಬಿಚ್ಚಿ ನಿಗೋರ್‌ಳ ಮಡಿಲಿಗೆ ಹಾಕಿದಳು.

"ಹೆರಿಗೆ ಮಾಡಿಸಿದ್ದು ನಾನಲ್ಲ. ಗಂಟು ನೀನು ಹಾಕು."

ನಿಗೋರ್ ಕೈಗಂಟಿದ ಸಿಪ್ಪೆಯನ್ನು ಸೆರಗಿಗೆ ಒರೆಸಿಕೊಂಡು ದಾರದ ತುದಿ ಹುಡುಕಿದಳು. ಮೊದಲ ಸಲ ಗಂಟು ಸಡಿಲವಾಯಿತು. ಬಿಚ್ಚಿ ಮತ್ತೆ ಹಾಕಿದಳು, ಗಟ್ಟಿಯಾಗಿ.